ಬ್ಲೂಟೂತ್ ಸೇರದಿದ್ದರೆ ಮೊದಲು ಹಳೆಯ ಜೋಡಿ ಬಿಡಿಸಿ

ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಸ್ಪೀಕರು, ನೆಕ್‌ಬ್ಯಾಂಡು ಫೋನಿಗೆ ಸೇರಿಸಿಕೊಡುವಾಗ ನಾನು ಮೊದಲು ಕೇಳುವ ಪ್ರಶ್ನೆ: "ಇದು ಮೊದಲು ಯಾರ ಫೋನಿನಲ್ಲಿತ್ತು?" ಹೊಸ ಸಾಮಾನು ಹೆಚ್ಚಾಗಿ ಸತಾಯಿಸುವುದಿಲ್ಲ. ಮಗ ಬಳಸಿ ಅಪ್ಪನಿಗೆ ಕೊಟ್ಟ ಸ್ಪೀಕರು ಸತಾಯಿಸುತ್ತದೆ. ಆನ್ ಮಾಡಿದ ಕೂಡಲೇ ಅದು ಹಳೆಯ ಫೋನನ್ನೇ ಹುಡುಕುತ್ತದೆ. ಆ ಫೋನು ಪಕ್ಕದ ಕೋಣೆಯಲ್ಲಿದ್ದರೆ ಅಲ್ಲಿಗೇ ಸೇರಿಕೊಂಡು ಹೊಸ ಫೋನಿನ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ.

ಹಾಗಾಗಿ ಹಳೆಯ ಫೋನಿನ ಬ್ಲೂಟೂತ್ ಆಫ್ ಮಾಡಿಯೇ ಕೆಲಸ ಶುರು. ಬರೇ ಆನ್ ಮಾಡುವುದು ಬೇರೆ, ಪೇರಿಂಗ್‌ಗೆ, ಅಂದರೆ ಹೊಸ ಫೋನಿನ ಜೊತೆ ಜೋಡಿಯಾಗಲು, ಹಾಕುವುದು ಬೇರೆ. ಸ್ಪೀಕರಿನಲ್ಲಿ ಬ್ಲೂಟೂತ್ ಗುರುತಿನ ಬಟನ್ನು ಇದ್ದರೆ ಅದನ್ನು 3ರಿಂದ 5 ಸೆಕೆಂಡು ಒತ್ತಿ ಹಿಡಿಯಬೇಕು. ನೆಕ್‌ಬ್ಯಾಂಡಾದರೆ ಆಫ್ ಇರುವಾಗಲೇ ಪವರ್ ಬಟನ್ನು ಒತ್ತಿ, ದೀಪ ಹತ್ತಿದರೂ ಬೆರಳು ತೆಗೆಯಬಾರದು. ಹೆಚ್ಚಿನವುಗಳಲ್ಲಿ ಕೆಂಪು, ನೀಲಿ ಒಂದಾದ ಮೇಲೊಂದು ಬೇಗಬೇಗ ಮಿನುಗುತ್ತವೆ. ಆಗ ಫೋನಿನಲ್ಲಿ ಹೊಸ ಸಾಧನ ಜೋಡಿಸುವ ಪುಟ ತೆರೆದು ಹೆಸರು ಒತ್ತಿ. ಕೋಡ್ ಕೇಳಿದರೆ 0000, ಅದಾಗದಿದ್ದರೆ 1234.

ಪಟ್ಟಿಯಲ್ಲಿ ಹೆಸರಿದೆ, ಆದರೆ ಕನೆಕ್ಟ್ ಆಗುವುದಿಲ್ಲ ಎಂದರೆ ಕಾರಣ ಬೇರೆ. ಪೇರಿಂಗ್ ಆಗುವಾಗ ಎರಡೂ ಕಡೆ ಒಂದೇ ಗುಪ್ತ ಕೀ ಉಳಿಯುತ್ತದೆ. ಒಂದು ಕಡೆ ಅಳಿಸಿಹೋದರೆ ಇನ್ನೊಂದು ಕಡೆಯದ್ದು ಹೊಂದುವುದಿಲ್ಲ. ಫೋನಿನಲ್ಲಿ 'ಫರ್ಗೆಟ್' ಒತ್ತಿ, ಸ್ಪೀಕರನ್ನೂ ರೀಸೆಟ್ ಮಾಡಬೇಕು. ಯಾವ ಬಟನ್ನು ಎಷ್ಟು ಹೊತ್ತು ಒತ್ತಬೇಕೆಂದು ಡಬ್ಬಿಯಲ್ಲಿ ಬಂದ ಚೀಟಿಯಲ್ಲಿರುತ್ತದೆ, ಆ ಚೀಟಿ ಬಿಸಾಡಬೇಡಿ. ಫೋನಿನ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಕೊನೆಯ ಉಪಾಯ, ಏಕೆಂದರೆ ವೈಫೈ ಪಾಸ್‌ವರ್ಡ್‌ಗಳೂ ಅದರ ಜೊತೆ ಹೋಗುತ್ತವೆ.

ಕನೆಕ್ಟ್ ಆಗಿಯೂ ತಾಳಮದ್ದಳೆ ಫೋನಿನಲ್ಲೇ ಕೇಳುತ್ತಿದ್ದರೆ, ಹೆಸರಿನ ಪಕ್ಕದ ಗೇರ್ ಚಿಹ್ನೆ ಒತ್ತಿ ಮೀಡಿಯಾ ಆಡಿಯೋ ಆನ್ ಇದೆಯೇ ನೋಡಿ.

ಸಣ್ಣ ಸ್ಪೀಕರುಗಳು ಬಯಲಿನಲ್ಲಿ ಸುಮಾರು 10 ಮೀಟರು ಎಳೆಯುತ್ತವೆ. ನಮ್ಮ ದಪ್ಪ ಕೆಂಪುಕಲ್ಲಿನ ಗೋಡೆ ಅಡ್ಡ ಬಂದರೆ ಅಷ್ಟು ಸಿಗದು. ಮನುಷ್ಯನ ಮೈಯೂ ಅಡ್ಡಿಯೇ: ಬ್ಲೂಟೂತಿನ 2.4 ಗಿಗಾಹರ್ಟ್ಸ್ ಅಲೆಯನ್ನು ಮೈಯೊಳಗಿನ ನೀರು ಹೀರಿಕೊಳ್ಳುತ್ತದೆ. ಫೋನು ಹಿಂಜೇಬಿನಲ್ಲಿಟ್ಟು ಅಂಗಳದಲ್ಲಿ ಅಡಿಕೆ ಹರಡುತ್ತಿದ್ದರೆ ಜಗಲಿಯ ಸ್ಪೀಕರು ಕಡಿದು ಕಡಿದು ಹಾಡುತ್ತದೆ. ಫೋನನ್ನು ಜಗಲಿಯಲ್ಲೇ ಇಟ್ಟರೆ ಸರಿಯಾಗುತ್ತದೆ.

ಸ್ಮಾರ್ಟ್‌ವಾಚಿಗೆ ಕ್ರಮ ಬೇರೆ. ಅದನ್ನು ನೇರ ಬ್ಲೂಟೂತ್ ಪಟ್ಟಿಯಿಂದ ಸೇರಿಸಬೇಡಿ, ಅದರದ್ದೇ ಆಪ್‌ನಿಂದ ಸೇರಿಸಿ. ಮೊದಲೇ ಪಟ್ಟಿಯಿಂದ ಸೇರಿಸಿದ್ದರೆ ಎಷ್ಟೋ ಸಲ ಆಪ್‌ಗೆ ವಾಚು ಸಿಗುವುದೇ ಇಲ್ಲ. ತೆಗೆದು ಮತ್ತೆ ಸೇರಿಸಬೇಕು. ಆಂಡ್ರಾಯ್ಡ್ 11 ಮತ್ತು ಅದಕ್ಕಿಂತ ಹಳೆಯದರಲ್ಲಿ ಲೊಕೇಶನ್ ಆನ್ ಇರಬೇಕು. 12ರಿಂದ ಆಪ್‌ಗೆ 'ನಿಯರ್‌ಬೈ ಡಿವೈಸಸ್' ಅನುಮತಿ ಕೊಡಬೇಕು. ಸೇರಿದ ಮೇಲೆ ಆ ಆಪ್‌ನ ಬ್ಯಾಟರಿ ನಿರ್ಬಂಧ ತೆಗೆಯಿರಿ, ಇಲ್ಲದಿದ್ದರೆ ಫೋನು ಅದನ್ನು ಮಲಗಿಸಿ ವಾಚಿಗೆ ಕರೆ, ಮೆಸೇಜು ಯಾವುದೂ ಬರುವುದಿಲ್ಲ.