ಮೊದಲು ದಿನಸಿ ಚೀಟಿ ತನ್ನಿ

ತೂಕ ಜಾಸ್ತಿಯಾಗಿದೆ ಎಂದು ಮಗುವನ್ನು ನನ್ನ ಹತ್ತಿರ ಕರೆತರುವವರು ಬಹಳ ಕಡಿಮೆ. ಕತ್ತು ಕಪ್ಪಾಗಿದೆ, ಕಡಲೆಹಿಟ್ಟು ಹಚ್ಚಿ ಉಜ್ಜಿದರೂ ಹೋಗುತ್ತಿಲ್ಲ ಎಂದು ಬರುತ್ತಾರೆ. ರಾತ್ರಿ ಗೊರಕೆ ಹೊಡೆಯುತ್ತಾನೆ, ಎರಡು ಮಹಡಿ ಹತ್ತಿದರೆ ಏದುಸಿರು ಬಿಡುತ್ತಾನೆ, ಮಂಡಿ ನೋವು ಅಂತಾಳೆ, ನಾಲ್ಕನೇ ಕ್ಲಾಸಿಗೇ ದೊಡ್ಡವಳಾಗಿಬಿಟ್ಟಳು, ಹೀಗೆ ದೂರು ಬೇರೆ ಬೇರೆ. ಇನ್ನು ಕೆಲವರದು ತದ್ವಿರುದ್ಧ ದೂರು: "ಏನೂ ತಿನ್ನಲ್ರೀ ಮೇಡಂ, ಹಸಿವಾಗೋ ಟಾನಿಕ್ ಬರೆದುಕೊಡ್ರಿ." ಮಗು ನಾಲ್ಕು ವರ್ಷಕ್ಕೆ ಇಪ್ಪತ್ತೈದು ಕಿಲೋ ಇರುತ್ತದೆ.

ನಾನು ದಾವಣಗೆರೆಯಲ್ಲಿ ಮಕ್ಕಳ ವೈದ್ಯೆ. ಪ್ರಾಕ್ಟೀಸ್ ಶುರುಮಾಡಿದ ಕಾಲಕ್ಕೆ ನಾನು ಬರೆಯುತ್ತಿದ್ದುದು ತೂಕ ಏರಿಸುವ ಸಲಹೆಗಳನ್ನೇ: ಕಬ್ಬಿಣಾಂಶದ ಸಿರಪ್, ಜಂತುಹುಳದ ಮಾತ್ರೆ, ಶೇಂಗಾ-ಬೆಲ್ಲ, ಮೊಟ್ಟೆ. ಜಗಳೂರು, ಹರಪನಹಳ್ಳಿ ಕಡೆಯಿಂದ ಅಂಥ ಮಕ್ಕಳು ಈಗಲೂ ಬರುತ್ತಾರೆ. ಆದರೆ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಪ್ಯಾಂಟಿನ ಗುಂಡಿ ಹಾಕಲಾಗದ ಐದನೇ ಕ್ಲಾಸಿನ ಹುಡುಗನೂ ಕೂತಿರುತ್ತಾನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಅತಿತೂಕದ ಮಕ್ಕಳು 2015-16ರಲ್ಲಿ ಶೇ 2.1 ಇದ್ದರು, 2019-21ಕ್ಕೆ ಶೇ 3.4 ಆದರು. ದೊಡ್ಡ ಮಕ್ಕಳ ಲೆಕ್ಕ ಇನ್ನೂ ಗಾಬರಿ ಹುಟ್ಟಿಸುತ್ತದೆ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ 5ರಿಂದ 19 ವರ್ಷದ ಸ್ಥೂಲಕಾಯದ ಮಕ್ಕಳು 1990ರಲ್ಲಿ ಭಾರತದಲ್ಲಿ ಸುಮಾರು 4 ಲಕ್ಷ, 2022ರಲ್ಲಿ 1.25 ಕೋಟಿ. ಶೇಕಡಾವಾರು ನೋಡಿದರೆ ಈಗಲೂ ಸಣ್ಣದೇ. ಏರಿದ ವೇಗ ಮಾತ್ರ ಸಣ್ಣದಲ್ಲ.

ಇದಕ್ಕೆ ನಾನು ಏನು ಮಾಡುತ್ತೇನೆ ಎಂದು ಕಿರಿಯ ವೈದ್ಯರು ಆಗಾಗ ಕೇಳುತ್ತಾರೆ. ವಿಶೇಷ ಕ್ಲಿನಿಕ್ ಏನೂ ಇಲ್ಲ, ಡಯಟಿಷಿಯನ್ ಕೂಡ ಇಲ್ಲ. ಜ್ವರ, ಕೆಮ್ಮು, ಲಸಿಕೆಗಳ ನಡುವೆಯೇ ಇದೂ ನಡೆಯಬೇಕು.

ಐದು ದಾಟಿದ ಯಾವ ಮಗು ಯಾವ ಕಾರಣಕ್ಕೆ ಬಂದರೂ ಎತ್ತರ, ತೂಕ ಎರಡನ್ನೂ ತೆಗೆಯುತ್ತೇವೆ. ಬರೀ ತೂಕ ನೋಡಿದರೆ ಏನೂ ತಿಳಿಯದು. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿ, ಬಂದ ಬಿಎಂಐ ಅನ್ನು ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ತಂದ ಬೆಳವಣಿಗೆ ಪಟದ ಮೇಲೆ ಚುಕ್ಕಿ ಇಡುತ್ತೇನೆ. ಆ ಪಟದಲ್ಲಿ ಅತಿತೂಕದ ಗೆರೆ ದೊಡ್ಡವರ ಬಿಎಂಐ 23ಕ್ಕೆ, ಸ್ಥೂಲಕಾಯದ ಗೆರೆ 27ಕ್ಕೆ ಹೊಂದಿಕೊಳ್ಳುವಂತಿದೆ. ಪಾಶ್ಚಾತ್ಯರ 25, 30ರ ಗೆರೆ ನಮ್ಮ ಮೈಗೆ ಸರಿಹೋಗುವುದಿಲ್ಲ, ಕಡಿಮೆ ತೂಕಕ್ಕೇ ನಮಗೆ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ಹಾಗಾಗಿ ಜೊತೆಗೊಂದು ದಾರದ ಪರೀಕ್ಷೆ. ಮಗುವಿನ ಎತ್ತರದಷ್ಟು ದಾರ ಕತ್ತರಿಸಿ, ಅದನ್ನು ಎರಡು ಮಡಿಕೆ ಮಾಡಿ ಹೊಟ್ಟೆಗೆ ಸುತ್ತುತ್ತೇನೆ. ತುದಿಗೆ ತುದಿ ಮುಟ್ಟಬೇಕು. ಮುಟ್ಟದಿದ್ದರೆ ಸೊಂಟದ ಅಳತೆ ಎತ್ತರದ ಅರ್ಧ ದಾಟಿದೆ ಎಂದರ್ಥ. ಪಟ ಅರ್ಥವಾಗದ ಅಜ್ಜಿಗೂ ಇದು ಅರ್ಥವಾಗುತ್ತದೆ. "ಈ ವರ್ಷ ಉಡಿದಾರ ಎಷ್ಟು ಸಲ ಬದಲಿಸಿದ್ರಿ?" ಎಂದು ಕೇಳಿದರೆ ಆಕೆಯೇ ಲೆಕ್ಕ ಕೊಡುತ್ತಾಳೆ.

ಮುಂದಿನ ಮಾತು ಹೆಚ್ಚುಕಡಿಮೆ ಯಾವಾಗಲೂ ಥೈರಾಯ್ಡಿನದೇ. ಥೈರಾಯ್ಡ್ ಇದ್ದುಬಿಟ್ಟರೆ ಒಳ್ಳೆಯದಿತ್ತು ಎಂಬ ಆಸೆಯೂ ತಂದೆತಾಯಿಯ ಮುಖದಲ್ಲಿ ಕಾಣುತ್ತದೆ. ದಿನಕ್ಕೊಂದು ಮಾತ್ರೆ ನುಂಗಿಸಿದರೆ ಮುಗಿಯಿತಲ್ಲ! ಹಾರ್ಮೋನಿನ ತೊಂದರೆಯಿಂದ ದಪ್ಪಗಾಗುವ ಮಗು ಸಾಮಾನ್ಯವಾಗಿ ಕುಳ್ಳಗಿರುತ್ತದೆ, ಅದರ ಎತ್ತರ ನಿಂತುಹೋಗಿರುತ್ತದೆ. ತಿಂದು ದಪ್ಪಗಾದ ಮಗು ವಾರಿಗೆಯವರಿಗಿಂತ ಎತ್ತರವೇ ಇರುತ್ತದೆ. ಎತ್ತರ ಚೆನ್ನಾಗಿ ಏರುತ್ತಿದ್ದರೆ ನಾನು ಥೈರಾಯ್ಡ್ ಪರೀಕ್ಷೆ ಬರೆಯುವುದಿಲ್ಲ. ಬೇರೆಲ್ಲೋ ಮಾಡಿಸಿಕೊಂಡು ಬಂದ ವರದಿಯಲ್ಲಿ ಥೈರಾಯ್ಡನ್ನು ಚುರುಕುಗೊಳಿಸುವ ಹಾರ್ಮೋನು ಟಿಎಸ್ಎಚ್ ತುಸು ಏರಿರುವುದುಂಟು. ಅದು ಹೆಚ್ಚಿನ ಸಲ ತೂಕದಿಂದಲೇ ಏರಿದ್ದು, ತೂಕ ಇಳಿದರೆ ತಾನೂ ಇಳಿಯುತ್ತದೆ.

ಕತ್ತಿನ ಕಪ್ಪು ಮಾತ್ರ ನನ್ನನ್ನು ಎಚ್ಚರಿಸುತ್ತದೆ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾದಾಗ ಚರ್ಮ ಕೊಡುವ ಗುರುತು ಅದು, ಉಜ್ಜಿದರೆ ಹೋಗುವಂಥದ್ದಲ್ಲ. ಹತ್ತು ದಾಟಿದ ಮಗುವಿಗೆ ಇದು ಇದ್ದು, ಮನೆಯಲ್ಲಿ ಸಕ್ಕರೆ ಕಾಯಿಲೆಯೂ ಇದ್ದರೆ ಖಾಲಿಹೊಟ್ಟೆಯ ಸಕ್ಕರೆ, ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ, ಪಿತ್ತಜನಕಾಂಗದ ಎಸ್‌ಜಿಪಿಟಿ, ಕೊಬ್ಬಿನಂಶ ಇಷ್ಟನ್ನು ಮಾಡಿಸುತ್ತೇನೆ. ಬಿಪಿ ನೋಡುವಾಗ ತೋಳಿಗೆ ಸರಿಹೊಂದುವ ಪಟ್ಟಿ ಬೇಕು, ಚಿಕ್ಕದನ್ನು ಕಟ್ಟಿದರೆ ಸುಳ್ಳುಸುಳ್ಳೇ ಹೆಚ್ಚು ತೋರಿಸುತ್ತದೆ. ತಾಯಿಗೆ ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡಿತ್ತೇ ಎಂದೂ ಕೇಳುತ್ತೇನೆ. ಇದರ ಪುರಾವೆ ನಮ್ಮ ರಾಜ್ಯದ್ದೇ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸಿತು. ಬಸಿರಿನಲ್ಲಿ ಸಕ್ಕರೆ ಇದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಚಿಕ್ಕ ವಯಸ್ಸಿಗೇ ಕೊಬ್ಬು ಹೆಚ್ಚಿರುವುದನ್ನು ತೋರಿಸಿತು. ಅಂಥ ಮಗುವಿನ ವಿಷಯದಲ್ಲಿ ನಾನು ಪಟದ ಗೆರೆ ದಾಟುವ ತನಕ ಕಾಯುವುದಿಲ್ಲ.

ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಕ್ಲಿನಿಕ್ಕಿನೊಳಗೆ ಯಾರೂ ಮಗುವನ್ನು ಡುಮ್ಮ, ಡುಮ್ಮಿ, ಗುಂಡ ಎನ್ನುವಂತಿಲ್ಲ. ಮುದ್ದಿಗೂ ಇಲ್ಲ. ತಂದೆ ಅಂದರೆ ತಂದೆಯನ್ನೂ ತಡೆಯುತ್ತೇನೆ. ತೂಕದ ಯಂತ್ರವನ್ನು ಹೊರಗಿನ ಹಾಲಿನಿಂದ ಒಳಕೋಣೆಗೆ ತರಿಸಿದ್ದೇನೆ, ಸಿಸ್ಟರ್ ಅಂಕಿಯನ್ನು ಬರೆದುಕೊಳ್ಳುತ್ತಾರೆ, ಕೂಗಿ ಹೇಳುವುದಿಲ್ಲ. ಶಾಲೆಯಲ್ಲಿ ಗೇಲಿ ತಿಂದ ಮಗು ಮೊದಲು ಮಾಡುವ ಕೆಲಸ ಆಟದ ಮೈದಾನ ಬಿಡುವುದು. ಎರಡನೆಯದು, ಯಾರಿಗೂ ಕಾಣದಂತೆ ತಿನ್ನುವುದು. ಡಾಕ್ಟರ ಹತ್ತಿರವೂ ಗೇಲಿಯೇ ಸಿಕ್ಕರೆ ಅದು ಮತ್ತೆ ಬರುವುದಿಲ್ಲ.

ಸಲಹೆಯನ್ನೂ ಮಗುವಿಗೆ ಹೇಳುವುದಿಲ್ಲ. ಎಂಟು ವರ್ಷದ ಹುಡುಗ ಸಂತೆಗೆ ಹೋಗುವುದಿಲ್ಲ, ಅಡುಗೆ ಮಾಡುವುದಿಲ್ಲ, ಟ್ಯೂಷನ್ನಿನ ಹೊತ್ತು ಗೊತ್ತುಮಾಡುವುದಿಲ್ಲ. ಅವನಿಗೆ "ಕಡಿಮೆ ತಿನ್ನು" ಎಂದು ಉಪದೇಶ ಮಾಡಿ ಏನು ಪ್ರಯೋಜನ? ಅದಕ್ಕೇ ಎರಡನೆಯ ಭೇಟಿಗೆ ಬರುವಾಗ ಮನೆಯ ತಿಂಗಳ ದಿನಸಿ ಚೀಟಿ ತರಲು ಹೇಳುತ್ತೇನೆ. ಏನು ತಿನ್ನುತ್ತಾನೆ ಎಂದು ಕೇಳಿದರೆ ಬರುವ ಉತ್ತರ ಒಂದೇ: "ಎರಡು ಚಪಾತಿ, ಒಂದಿಷ್ಟು ಅನ್ನ." ಚೀಟಿಯಲ್ಲಿ ಬೇರೆಯದೇ ಬರೆದಿರುತ್ತದೆ.

ಒಂದು ಮನೆಯ ಉದಾಹರಣೆ ಹೇಳುತ್ತೇನೆ. ಗಂಡ, ಹೆಂಡತಿ, ಅಜ್ಜಿ, ಮಗ, ಒಟ್ಟು ನಾಲ್ಕು ಜನ. ಸಕ್ಕರೆ ತಿಂಗಳಿಗೆ ಐದು ಕಿಲೋ. ಭಾಗಿಸಿದರೆ ತಲೆಗೆ ದಿನಕ್ಕೆ ಸುಮಾರು 42 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಮೇಲಿಂದ ಸೇರಿಸುವ ಸಕ್ಕರೆ ಒಟ್ಟು ಕ್ಯಾಲೊರಿಯ ಶೇ 10ರ ಒಳಗಿರಬೇಕು, ಶೇ 5 ಆದರೆ ಇನ್ನೂ ಒಳ್ಳೆಯದು. ದಿನಕ್ಕೆ 1,600 ಕ್ಯಾಲೊರಿ ಬೇಕಾದ ಮಗುವಿಗೆ ಇದು 40 ಗ್ರಾಂ, ಅಥವಾ 20. ಅಂದರೆ ಡಬ್ಬದ ಸಕ್ಕರೆಯಲ್ಲೇ ಮಿತಿ ಮುಗಿದಿತ್ತು, ಬಿಸ್ಕತ್ತು, ಜ್ಯೂಸ್, ಬೇಕರಿಯ ಹನಿ ಕೇಕು ಇನ್ನೂ ಲೆಕ್ಕಕ್ಕೇ ಬಂದಿರಲಿಲ್ಲ. ಎಣ್ಣೆ ಐದು ಲೀಟರು, ಡಾಲ್ಡಾ ಬೇರೆ. ನಾನು ಹೇಳುವ ಲೆಕ್ಕ ತಲೆಗೆ ತಿಂಗಳಿಗೆ ಅರ್ಧದಿಂದ ಮುಕ್ಕಾಲು ಲೀಟರು. ಅವರಿಗೆ ಬೇರೆ ಪಥ್ಯ ಏನೂ ಬರೆಯಲಿಲ್ಲ. ಸಕ್ಕರೆ ಎರಡು ಕಿಲೋ, ಎಣ್ಣೆ ಮೂರು ಲೀಟರು, ಡಾಲ್ಡಾ ಹೊಡೆದುಹಾಕಿ ಎಂದು ಅದೇ ಚೀಟಿಯ ಮೇಲೆ ತಿದ್ದಿಕೊಟ್ಟೆ. ಮುಗಿದರೆ ಮುಗಿಯಿತು, ನಡುವೆ ತರುವ ಹಾಗಿಲ್ಲ. ಆ ಹುಡುಗನ ತೂಕ ನಿಂತಿತು. ಅಪ್ಪನ ಹೊಟ್ಟೆಯೂ ಇಳಿಯಿತೆಂದು ತಾಯಿ ನಕ್ಕರು.

ಚೀಟಿಯಲ್ಲಿ ಹೆಚ್ಚು ಜಗಳವಾಗುವ ಸಾಲು ಹಾಲಿಗೆ ಬೆರೆಸುವ ಪುಡಿಯದು. ಅದಿಲ್ಲದೆ ಮಗು ಎತ್ತರ ಬೆಳೆಯುವುದಿಲ್ಲ ಎಂದು ಟಿವಿ ನೋಡಿ ಬೆಳೆದ ಒಂದು ತಲೆಮಾರು ನಂಬಿದೆ. ಡಬ್ಬದ ಹಿಂದಿನ ಸಣ್ಣ ಅಕ್ಷರವನ್ನು ಅವರಿಂದಲೇ ಗಟ್ಟಿಯಾಗಿ ಓದಿಸುತ್ತೇನೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಇಂಥ ಪಾನೀಯಗಳನ್ನು 'ಆರೋಗ್ಯ ಪೇಯ' ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿದ್ದನ್ನೂ ಹೇಳುತ್ತೇನೆ. ಪುಡಿ ಬಿಟ್ಟರೆ ಹಾಲು ಕುಡಿಯುವುದಿಲ್ಲ ಎನ್ನುತ್ತಾರೆ. ಕುಡಿಯದಿದ್ದರೆ ಬೇಡ, ಮೊಸರು ತಿನ್ನಲಿ, ಮಜ್ಜಿಗೆ ಕುಡಿಯಲಿ.

ಬೆಣ್ಣೆ ದೋಸೆಯ ತಂಟೆಗೆ ನಾನು ಹೋಗುವುದಿಲ್ಲ. ಹೋದರೆ ಈ ಊರಿನಲ್ಲಿ ಪ್ರಾಕ್ಟೀಸ್ ಮುಚ್ಚಿಕೊಂಡು ಮನೆಗೆ ನಡೆಯಬೇಕಾದೀತು. ಭಾನುವಾರ ಬೆಳಿಗ್ಗೆ ಮನೆಮಂದಿಯೆಲ್ಲ ಹೋಗಿ ತಿಂದು ಬಂದರೆ ಮಗು ದಪ್ಪಗಾಗುವುದಿಲ್ಲ. ದಪ್ಪಗಾಗುವುದು ಸೋಮವಾರದಿಂದ ಶನಿವಾರದವರೆಗೆ, ಸಂಜೆ ನಾಲ್ಕೂವರೆಯಿಂದ ಏಳರ ನಡುವೆ. ಶಾಲೆಯಿಂದ ಹಸಿದು ಬರುವ ಮಗುವಿಗೆ ಟ್ಯೂಷನ್ನಿಗೆ ಹೋಗುವ ಮೊದಲು ಅರ್ಧ ಗಂಟೆ ಸಿಗುತ್ತದೆ. ಕೈಗೆ ಸಿಗುವುದು ಪಪ್ಸ್, ಪಲ್ಯದ ಬನ್ನು, ಚಿಪ್ಸ್ ಪೊಟ್ಟಣ. ಟ್ಯೂಷನ್ ಮುಗಿಸಿ ಬಂದರೆ ಕತ್ತಲು, ಆಟ ಇಲ್ಲ, ಮೊಬೈಲು ಇದೆ. ಹಾಗಾಗಿ ನನ್ನ ಪಟ್ಟು ಒಂದೇ: ನಾಲ್ಕೂವರೆಗೆ ಊಟ ಹಾಕಿ. ತಿಂಡಿ ಬೇಡ, ಊಟವನ್ನೇ ಹಾಕಿ. ಮಧ್ಯಾಹ್ನದ ರೊಟ್ಟಿ, ಕಾಳುಪಲ್ಯ, ಮೊಸರು ಇದ್ದರೆ ಅದೇ ಸಾಕು. ಹೊಟ್ಟೆ ತುಂಬಿದ ಮಗು ಬೇಕರಿಯ ಮುಂದೆ ಹಟ ಮಾಡುವುದು ಕಡಿಮೆ. ರಾತ್ರಿ ಊಟ ಹಗುರಾದರೂ ನಡೆಯುತ್ತದೆ.

ಇಷ್ಟನ್ನು ನಡೆಸಿಕೊಡಬಲ್ಲವಳು ಅಜ್ಜಿ. ಸೊಸೆಗೆ ಹೇಳಿ ಅಜ್ಜಿಗೆ ಹೇಳದಿದ್ದರೆ ಮನೆಯಲ್ಲಿ ನನ್ನ ಚೀಟಿಯೇ ಜಗಳದ ಮೂಲವಾಗುತ್ತದೆ. "ನನ್ ಮೊಮ್ಮಗ ಉಣ್ಣೋದನ್ನ ಕಣ್ಣಿಟ್ಟು ನೋಡಬ್ಯಾಡ್ರಿ" ಎಂದು ಒಬ್ಬ ಅಜ್ಜಿ ನನ್ನ ಎದುರೇ ಲಟಿಕೆ ಮುರಿದು ದೃಷ್ಟಿ ತೆಗೆದಿದ್ದರು. ಬರಗಾಲ ಕಂಡ ಜೀವ, ಮೈ ತುಂಬಿಕೊಂಡ ಮಗು ಅವರಿಗೆ ಸಮಾಧಾನ. ಅವರ ಜೊತೆ ವಾದ ಮಾಡಬಾರದು. "ಅಮ್ಮಾ, ನಿಮ್ಮ ಕಾಲದಲ್ಲಿ ಮಕ್ಕಳಿಗೆ ಸಂಜೆ ಏನು ಕೊಡುತ್ತಿದ್ರಿ?" ಎಂದು ಕೇಳುತ್ತೇನೆ. ಹುರಿದ ಕಡಲೆ, ಸೌತೆಕಾಯಿ, ಪೇರಲ, ಸಜ್ಜೆ ರೊಟ್ಟಿ ಎಂದು ಅವರೇ ಸಾಲಾಗಿ ಹೇಳುತ್ತಾರೆ. ಅದನ್ನೇ ಬರೆದು, ಇದು ಅಜ್ಜಿ ಕೊಟ್ಟ ಪಟ್ಟಿ ಎಂದು ಎಲ್ಲರ ಮುಂದೆ ಓದುತ್ತೇನೆ. ಅಲ್ಲಿಂದ ಮುಂದೆ ಅವರೇ ನನ್ನ ಕಾವಲುಗಾರರು.

ಆಟದ ವಿಷಯದಲ್ಲಿ ನನ್ನ ಯಶಸ್ಸು ಕಡಿಮೆ. ದಿನಕ್ಕೆ ಅರವತ್ತು ನಿಮಿಷ ಮೈಬೆವರುವಷ್ಟು ಚಟುವಟಿಕೆ ಬೇಕೆಂದು ಹೇಳುವುದು ಸುಲಭ. ಆಟವಾಡುವ ಜಾಗ ಎಲ್ಲಿದೆ? ಕುಂದವಾಡ ಕೆರೆಯ ಹತ್ತಿರ ಮನೆ ಇದ್ದವರಿಗೆ ಏರಿಯ ಮೇಲೆ ಓಡಾಡಲು ಹೇಳುತ್ತೇನೆ. ಉಳಿದವರಿಗೆ ತಾರಸಿ, ಸ್ಕಿಪ್ಪಿಂಗ್ ಹಗ್ಗ. ಸ್ಥೂಲಕಾಯದ ಮಗುವನ್ನು ಜಿಮ್ಮಿಗೆ, ಓಟಕ್ಕೆ ಏಕಾಏಕಿ ಅಟ್ಟಬೇಡಿ, ಮಂಡಿ ತಡೆಯುವುದಿಲ್ಲ. ಈಜು ಮತ್ತು ಸೈಕಲ್ ಒಳ್ಳೆಯವು. ಹೆಣ್ಣುಮಕ್ಕಳದು ಬೇರೆ ಕಥೆ. ದೊಡ್ಡವಳಾದ ದಿನಕ್ಕೇ ಬೀದಿಯ ಆಟ ನಿಲ್ಲುತ್ತದೆ, ಮೇಲೆ ತುಪ್ಪ, ಕೊಬ್ಬರಿ, ಅಂಟಿನುಂಡೆ ಶುರುವಾಗುತ್ತದೆ. ಕೂತಲ್ಲೇ ಕೂತ ಮಗುವಿಗೆ ಅಂಟಿನುಂಡೆ ಯಾಕೆ ಬೇಕು? ಎಂಟನೇ ಕ್ಲಾಸಿಗೆ ಸರ್ಕಾರ ಸೈಕಲ್ ಕೊಡುತ್ತಿದ್ದ ಕಾಲದಲ್ಲಿ ಹುಡುಗಿಯರು ಅದನ್ನು ತುಳಿದಾದರೂ ಶಾಲೆಗೆ ಹೋಗುತ್ತಿದ್ದರು.

ಶಾಲೆಗಳಿಗೂ ಹೋಗಿ ಮಾತಾಡಿದ್ದೇನೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲಿ ತಂದ ನಿಯಮದಂತೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರ್ ಸುತ್ತಲೂ ಮಾರುವಂತಿಲ್ಲ. ಗೇಟಿನ ಮುಂದೆ ನಿಂತು ನೋಡಿ, ನಿಯಮ ಎಷ್ಟು ಪಾಲನೆಯಾಗುತ್ತಿದೆ ಎಂದು ತಿಳಿಯುತ್ತದೆ. ಸಿಬಿಎಸ್ಇ 2025ರ ಮೇ ತಿಂಗಳಲ್ಲಿ ಶಾಲೆಗಳಲ್ಲಿ ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಎಂದು ತೋರಿಸುವ 'ಶುಗರ್ ಬೋರ್ಡ್' ಹಾಕಲು ಹೇಳಿತು. ಬೋರ್ಡು ಬೇಗ ಬರುತ್ತದೆ, ಪಿ.ಟಿ. ಪೀರಿಯಡ್ಡನ್ನು ಗಣಿತದ ಮೇಷ್ಟ್ರಿಂದ ಬಿಡಿಸಿಕೊಳ್ಳುವುದು ಕಷ್ಟ. ಒಂದು ಶಾಲೆಯವರು ಹುಟ್ಟುಹಬ್ಬಕ್ಕೆ ಚಾಕೊಲೇಟ್ ಹಂಚುವುದನ್ನು ನಿಲ್ಲಿಸಿ ಪೆನ್ಸಿಲ್ ಹಂಚುವಂತೆ ಮಾಡಿದರು, ಅಷ್ಟಾಯಿತು.

ಗುರಿಯ ಬಗ್ಗೆ ಒಂದು ಮಾತು. ಬೆಳೆಯುವ ಮಗುವಿನ ತೂಕ ಇಳಿಸಲು ನಾನು ಹೊರಡುವುದಿಲ್ಲ, ನಿಲ್ಲಿಸಲು ಹೊರಡುತ್ತೇನೆ. ಹತ್ತು ವರ್ಷದ ಹುಡುಗ 140 ಸೆಂ.ಮೀ., 48 ಕಿಲೋ ಎಂದಿಟ್ಟುಕೊಳ್ಳಿ, ಬಿಎಂಐ 24.5. ಎರಡು ವರ್ಷ ತೂಕ ಅಷ್ಟೇ ಇದ್ದು ಎತ್ತರ 151ಕ್ಕೆ ಬಂದರೆ ಬಿಎಂಐ 21. ಒಂದು ಕಿಲೋ ಇಳಿಯದೆ ಅವನು ಮೇಲಿನ ಗೆರೆಯಿಂದ ಕೆಳಗೆ ಬಂದ. ಈ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದರೆ ಮನೆಯವರ ಹೆಗಲು ಇಳಿಯುತ್ತದೆ. "ಎತ್ತರ ಬಂದಾಗ ತಾನೇ ಕರಗುತ್ತೆ" ಎಂಬ ಮಾತು ಅರ್ಧ ನಿಜ. ತೂಕ ನಿಂತರೆ ಮಾತ್ರ ಕರಗುತ್ತದೆ. ಹದಿನೈದು ದಾಟಿ ಎತ್ತರ ನಿಲ್ಲುತ್ತಾ ಬಂದವರಿಗೆ ಈ ದಾರಿ ಮುಚ್ಚಿರುತ್ತದೆ, ಅಲ್ಲಿ ನಿಧಾನವಾಗಿ ಇಳಿಸಲೇಬೇಕು. ತೆಳ್ಳಗಾಗಲು ಮಾತ್ರೆ ಕೇಳುವವರಿಗೆ ಕೊಡುವುದಿಲ್ಲ. ಟೈಪ್ 2 ಸಕ್ಕರೆ ಕಾಯಿಲೆಯೇ ಬಂದಿದ್ದರೆ ಮೆಟ್‌ಫಾರ್ಮಿನ್ ಬೇಕಾಗುತ್ತದೆ, ಅಂಥವರನ್ನೂ ಗೊರಕೆಯ ನಡುವೆ ಉಸಿರು ಕಟ್ಟುವ ಮಕ್ಕಳನ್ನೂ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ.

ಅರ್ಧದಷ್ಟು ಮನೆಯವರು ಮೂರನೇ ಭೇಟಿಗೆ ಬರುವುದಿಲ್ಲ. ಜ್ವರ ಬಂದಾಗ ಮತ್ತೆ ಸಿಗುತ್ತಾರೆ, ಆಗ ಹಳೆಯ ಪಟ ತೆಗೆದು ಹೊಸ ಚುಕ್ಕಿ ಇಡುತ್ತೇನೆ, ಬೈಯುವುದಿಲ್ಲ. ಬರುವವರಿಗೆ ಎರಡು ತಾರೀಕು ತಪ್ಪದೆ ಬರೆದುಕೊಡುತ್ತೇನೆ: ಮಾರ್ಚ್ ಕೊನೆ ಮತ್ತು ಜೂನ್ ಮೊದಲ ವಾರ. ವರ್ಷವಿಡೀ ನಿಂತ ತೂಕ ಏರುವುದು ಬೇಸಿಗೆ ರಜೆಯಲ್ಲೇ. ತಡವಾಗಿ ಮಲಗುವುದು, ಮಧ್ಯಾಹ್ನವೆಲ್ಲ ಟಿವಿ ಮುಂದೆ ಐಸ್‌ಕ್ರೀಮ್, ಮದುವೆ ಮನೆಗಳ ಊಟ. ಮಾರ್ಚ್‌ನಲ್ಲಿ ಕೇಳುವ ಪ್ರಶ್ನೆ ಒಂದೇ, ರಜೆಗೆ ಎಲ್ಲಿಗೆ ಹೋಗುತ್ತೀರಿ ಎಂದು. ಹಳ್ಳಿಯ ಅಜ್ಜನ ಮನೆ ಎಂದರೆ ಹೆಚ್ಚು ಮಾತಾಡುವುದಿಲ್ಲ. ಬೆಂಗಳೂರಿನ ಫ್ಲ್ಯಾಟು ಎಂದರೆ ಸ್ಕಿಪ್ಪಿಂಗ್ ಹಗ್ಗ ಬ್ಯಾಗಿಗೆ ಹಾಕಿಕೊಳ್ಳಲು ಹೇಳಿ, ಅಲ್ಲಿಯ ಚಿಕ್ಕಮ್ಮನ ಫೋನ್ ನಂಬರ್ ಬರೆದುಕೊಳ್ಳುತ್ತೇನೆ.