ಲಂಗರು ಕಚ್ಚಿದ ಮೇಲೇ ವಿರಾಮ

ಬೇಸಿಗೆಯಲ್ಲಿ ಕೊಲ್ಲಿಯಿಂದ ಕೊಲ್ಲಿಗೆ ದೋಣಿಯಲ್ಲಿ ನಿಧಾನವಾಗಿ ಸಾಗುವಾಗ ದಿನಕ್ಕೆ 20 ನಾಟಿಕಲ್ ಮೈಲಿಗಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. 5 ನಾಟ್, ಅಂದರೆ ತಾಸಿಗೆ 5 ನಾಟಿಕಲ್ ಮೈಲಿ ವೇಗದಲ್ಲಿ ಅದು 4 ತಾಸಿನ ದಾರಿ. ಬೆಳಗ್ಗೆ ಬೇಗ ಹೊರಟರೆ ಕಡಲಗಾಳಿ ಜೋರಾಗುವ ಮೊದಲೇ ತಲುಪಬಹುದು. ಬಿಸಿಲು ನೆತ್ತಿಯ ಮೇಲಿದ್ದಾಗ ತಿಳಿನೀರಿನಲ್ಲಿ ತಳವೂ ಕಾಣುತ್ತದೆ: ತಿಳಿಬಣ್ಣದ್ದು ಮರಳು, ಕಪ್ಪಗಿದ್ದರೆ ಕಡಲಹುಲ್ಲು ಅಥವಾ ಬಂಡೆ. ಹುಲ್ಲಿನ ಮೇಲೆ ಲಂಗರು ಇಳಿಸುವುದೇ ಇಲ್ಲ. ಕೊಕ್ಕೆಗೆ ಬೇರುಗಳು ಸುತ್ತಿಕೊಂಡರೆ ಅದು ನೆಲಕ್ಕೆ ಇಳಿಯದೆ ಮೇಲ್ಮೇಲೇ ಜಾರುತ್ತದೆ.

ಜಾಗ ಆರಿಸುವಾಗ ರಾತ್ರಿಯ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೆಲ ತಣಿದ ಮೇಲೆ ಗಾಳಿ ದಡದಿಂದ ಕಡಲಿಗೆ ಬೀಸಿದರೆ, ದೋಣಿ ಲಂಗರಿನ ಸುತ್ತ ತಿರುಗಿ ಆಚೆ ಬದಿಗೆ ಬಂದು ನಿಲ್ಲುತ್ತದೆ. ಸುತ್ತಲೂ ಅಷ್ಟು ಜಾಗ, ಅಷ್ಟು ಆಳ ಇರಬೇಕು. ಪಕ್ಕದ ದೋಣಿಯವರನ್ನು ಲಂಗರಿಗೆ ಎಷ್ಟು ಉದ್ದ ಬಿಟ್ಟಿದ್ದೀರಿ, ಸರಪಳಿಯೋ ಹಗ್ಗವೋ ಎಂದು ಕೇಳಿಬಿಡುವುದು ಒಳ್ಳೆಯದು. ಹಗ್ಗದವರು ಹೆಚ್ಚು ಅಗಲಕ್ಕೆ ಓಲಾಡುತ್ತಾರೆ.

ಎಷ್ಟು ಸರಪಳಿ ಬಿಡಬೇಕೆಂಬ ಲೆಕ್ಕ ಹೀಗೆ: ಈಗಿನ ಆಳ 4 ಮೀಟರ್, ಉಬ್ಬರದಲ್ಲಿ ಏರಲಿರುವುದು 2, ನೀರಿನಿಂದ ದೋಣಿಯ ಮೂತಿ 1 ಮೀಟರ್ ಎತ್ತರ. ಒಟ್ಟು 7ರ ಐದು ಪಟ್ಟು, ಅಂದರೆ 35 ಮೀಟರ್. ಹಗ್ಗವೇ ಹೆಚ್ಚಿದ್ದರೆ ಏಳು ಪಟ್ಟು. ಹಲವರು ಉಬ್ಬರವನ್ನೂ ಮೂತಿಯ ಎತ್ತರವನ್ನೂ ಬಿಟ್ಟು 20 ಮೀಟರಿಗೇ ನಿಲ್ಲಿಸುತ್ತಾರೆ. ಉಬ್ಬರ ತುಂಬಿದಾಗ ಅದು ಮೂರು ಪಟ್ಟೂ ಆಗುವುದಿಲ್ಲ. ಎಳೆತ ಮೇಲ್ಮುಖವಾಗಿ ಲಂಗರು ಕಿತ್ತು ಬರುತ್ತದೆ.

ಮೂತಿಯನ್ನು ಗಾಳಿಗೆ ಒಡ್ಡಿ ದೋಣಿ ಪೂರ್ತಿ ನಿಂತ ಮೇಲೆ ಲಂಗರು ತಳ ಮುಟ್ಟುವಷ್ಟು ಮಾತ್ರ ಇಳಿಸುತ್ತೇನೆ. ಹಿಂದಕ್ಕೆ ತೇಲುತ್ತಿದ್ದಂತೆ ಉಳಿದದ್ದನ್ನು ಸ್ವಲ್ಪಸ್ವಲ್ಪವೇ ಬಿಡುವುದು. ಒಮ್ಮೆಲೇ ಸುರಿದರೆ ಸರಪಳಿ ಲಂಗರಿನ ಮೇಲೇ ಗುಡ್ಡೆಯಾಗಿ ಕೊಕ್ಕೆಗೆ ತೊಡರುತ್ತದೆ. ಕೊನೆಗೆ ಎಂಜಿನ್ ರಿವರ್ಸಿನಲ್ಲಿ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಅರ್ಧ ನಿಮಿಷ. ಆಗ ಮೂತಿಯಲ್ಲಿ ಸರಪಳಿ ಹಾಯುವ ರೋಲರಿನಾಚೆಯ ಬಿಗಿದ ಸರಪಳಿಯ ಮೇಲೆ ಅಂಗೈ ಇಟ್ಟರೆ ಗೊತ್ತಾಗುತ್ತದೆ: ಕಚ್ಚಿದ್ದರೆ ಅಲುಗದೆ ನಿಲ್ಲುತ್ತದೆ, ಜಾರುತ್ತಿದ್ದರೆ ತಡೆತಡೆದು ಗಡಗಡ ಅನ್ನುತ್ತದೆ. ದಡದ ಮರವನ್ನೂ ಅದರ ಹಿಂದಿನ ಬಂಡೆಯನ್ನೂ ಒಂದೇ ಸಾಲಿಗೆ ಹಿಡಿದು ನೋಡಿದರೆ ಕಣ್ಣಿಗೂ ಖಾತ್ರಿ. ಸಂಶಯವಿದ್ದರೆ ಎತ್ತಿ ಮತ್ತೆ ಹಾಕುವುದು. ಬೇಸರ ಮಾಡಿಕೊಂಡರೆ ನಡೆಯುವುದಿಲ್ಲ.

ದೋಣಿ ಗೊತ್ತುಮಾಡಿದ ವೃತ್ತದಾಚೆ ಸರಿದರೆ ಕೂಗುವ ಜಿಪಿಎಸ್ ಅಲಾರಂ ಇಡುವಾಗ ವೃತ್ತದ ನಡುಬಿಂದು ಲಂಗರು ಬಿದ್ದ ಜಾಗವೇ ಆಗಬೇಕು. ಹಿಂದೆ ಸರಿದ ಮೇಲೆ ದೋಣಿ ಇರುವಲ್ಲಿ ಇಟ್ಟರೆ ಗಾಳಿ ತಿರುಗಿದಾಗಲೆಲ್ಲ ಸುಮ್ಮನೆ ಕೂಗುತ್ತದೆ. ಸರಪಳಿಗೆ ನೈಲಾನ್ ಹಗ್ಗವೊಂದನ್ನು ಕಟ್ಟಿ ಭಾರವನ್ನು ಅದಕ್ಕೆ ವರ್ಗಾಯಿಸುತ್ತೇನೆ. ಅದು ಹಿಗ್ಗಿ ಜಗ್ಗಾಟವನ್ನು ನುಂಗುತ್ತದೆ, ಸರಪಳಿ ಎಳೆಯುವ ಯಂತ್ರವಾದ ವಿಂಡ್ಲಾಸಿನ ಗೇರಿಗೂ ಪೆಟ್ಟಿಲ್ಲ. ಕತ್ತಲಾದರೆ ಎಲ್ಲ ದಿಕ್ಕಿಗೂ ಕಾಣುವ ಬಿಳಿ ದೀಪ.

ಎತ್ತುವಾಗ ವಿಂಡ್ಲಾಸಿನಿಂದ ದೋಣಿಯನ್ನು ಎಳೆಸಬಾರದು. ಎಂಜಿನ್ನಿನಲ್ಲಿ ಮೆಲ್ಲಗೆ ಮುಂದೆ ಹೋಗಿ, ಸಡಿಲಾದ ಸರಪಳಿಯನ್ನಷ್ಟೇ ಒಳಗೆಳೆದುಕೊಳ್ಳಬೇಕು. ಅದು ನೇರ ಕೆಳಗೆ ನಿಂತಾಗ ಬಿಗಿದು ಕಟ್ಟಿ ಸ್ವಲ್ಪ ಕಾದರೆ, ಬಹಳಷ್ಟು ಸಲ ಅಲೆಯ ಏರಿಳಿತವೇ ಲಂಗರನ್ನು ಕಿತ್ತುಕೊಡುತ್ತದೆ.