ಮನೆಯಲ್ಲಿ ಹಾಯಾಗಿ ಕೇಳಲು ಓಪನ್ ಬ್ಯಾಕ್ ಹೆಡ್‌ಫೋನ್: ಕಿವಿಗೂ ನೆತ್ತಿಗೂ ಜೇಬಿಗೂ ಒಗ್ಗುವುದನ್ನು ಆರಿಸುವ ಬಗೆ

ಓಪನ್ ಬ್ಯಾಕ್ ಹೆಡ್‌ಫೋನ್ ಕೊಳ್ಳುವವರು ದನಿಯ ಬಗ್ಗೆ ಹತ್ತು ವಿಮರ್ಶೆ ಓದುತ್ತಾರೆ, ತೂಕ ಎಷ್ಟೆಂದು ಮಾತ್ರ ನೋಡುವುದಿಲ್ಲ. ಮೂರನೇ ವಾರಕ್ಕೆ ಅದು ಮೊಳೆಗೆ ನೇತುಬೀಳುತ್ತದೆ. ದನಿಯಲ್ಲಿ ಸಣ್ಣಪುಟ್ಟ ಕೊರತೆ ಇದ್ದರೆ ಬೇಸ್, ಟ್ರೆಬಲ್‌ಗಳನ್ನು ಬೇಕಾದಂತೆ ಏರಿಸಿ ಇಳಿಸುವ ಈಕ್ವಲೈಸರ್‌ನಲ್ಲಿ ತಿದ್ದಿಕೊಳ್ಳಬಹುದು. ಕಿವಿಯನ್ನು ಒತ್ತುವ ಕಪ್ಪು (ಕಿವಿಯ ಮೇಲೆ ಕೂರುವ ಬಟ್ಟಲು), ನೆತ್ತಿಗೆ ಚುಚ್ಚುವ ಪಟ್ಟಿ ಇವನ್ನು ಯಾವ ಸಾಫ್ಟ್‌ವೇರೂ ತಿದ್ದದು. ಅದಕ್ಕೇ ಇಲ್ಲಿ ಕ್ರಮ ತಿರುಗುಮುರುಗು: ಮೊದಲು ಕೋಣೆ, ಆಮೇಲೆ ತಲೆ ಮತ್ತು ಕಿವಿ, ಆಮೇಲೆ ಅದನ್ನು ಯಾವುದಕ್ಕೆ ಸಿಕ್ಕಿಸುತ್ತೀರಿ ಎಂಬುದು. ದನಿಯ ಮಾತು ಕೊನೆಗೆ.

ಕೋಣೆ ಒಪ್ಪುತ್ತದೆಯೇ?

ಹೆಡ್‌ಫೋನಿನ ಒಳಗಿನ ತೆಳು ಪೊರೆ ಕಿವಿಯ ಕಡೆಗೆ ಎಷ್ಟು ಗಾಳಿ ದೂಡುತ್ತದೋ ಅಷ್ಟನ್ನೇ ಹಿಂಬದಿಗೂ ಅಲುಗಿಸುತ್ತದೆ. ಕ್ಲೋಸ್ಡ್ ಬ್ಯಾಕ್‌ನಲ್ಲಿ ಆ ಹಿಂಬದಿಯ ಸದ್ದು ಕಪ್ಪಿನೊಳಗೇ ತಿರುಗಾಡಿ ಮರಳಿ ಬರುತ್ತದೆ. ಓಪನ್ ಬ್ಯಾಕ್‌ನಲ್ಲಿ ಜಾಲರಿಯಿಂದ ಹೊರಟುಹೋಗುತ್ತದೆ. ದನಿ ತಲೆಯೊಳಗೆ ಅಡಗಿ ಕೂರದೆ ಸುತ್ತ ಹರಡಿದಂತೆ ಕೇಳಿಸುವುದು, ಕಿವಿ ಬೇಗ ಬೆವರದೆ ಇರುವುದು ಎರಡೂ ಇದರಿಂದಲೇ. 1968ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 414ರಿಂದ ಮಾರುಕಟ್ಟೆಗೆ ಕಾಲಿಟ್ಟ ಈ ಬಗೆ ಇಂದಿಗೂ ಮೂಲದಲ್ಲಿ ಹಾಗೇ ಇದೆ.

ಆದರೆ ಜಾಲರಿ ಎರಡೂ ಕಡೆಗೆ ತೆರೆದಿರುತ್ತದೆ. ಪಕ್ಕದಲ್ಲಿ ಮಲಗಿದವರಿಗೆ ನಿಮ್ಮ ಹಾಡು ಸಣ್ಣ ರೇಡಿಯೊದಂತೆ ಕೇಳಿಸುತ್ತದೆ, ಫ್ಯಾನಿನ ಸದ್ದು ನೇರ ನಿಮ್ಮ ಕಿವಿಗೆ ಬರುತ್ತದೆ. ಹಣ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ನೀವು ಸಾಮಾನ್ಯವಾಗಿ ಕೇಳುವ ಹೊತ್ತಿನಲ್ಲಿ, ಕೇಳುವ ಜಾಗದಲ್ಲೇ ಕೂತು, ಎರಡು ಮೀಟರ್ ದೂರದಿಂದ ಯಾರಾದರೂ ಮೆಲುದನಿಯಲ್ಲಿ ಮಾತಾಡಲಿ. ಪದಗಳು ಸ್ಪಷ್ಟವಾಗಿ ಕೇಳಿಸಿದರೆ ಕೋಣೆ ಸಾಕಷ್ಟು ನಿಶ್ಶಬ್ದವಾಗಿದೆ. ಕೇಳಿಸದಿದ್ದರೆ ಆ ಗದ್ದಲವನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಲೇ ಹೋಗುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್‌ನಲ್ಲಿ. ಗದ್ದಲದ ಕೋಣೆಯಲ್ಲಿ ಅದು ಗೊತ್ತಾಗದೆ ದಾಟಿಹೋಗುತ್ತದೆ. ಅಂಥ ಕಡೆ ಕ್ಲೋಸ್ಡ್ ಬ್ಯಾಕ್ ಕೊಳ್ಳುವುದೇ ಸರಿ, ಹಟ ಬೇಡ.

ತಲೆ ಮತ್ತು ಕಿವಿಯ ಅಳತೆ

ಸ್ಕೇಲು ಹಿಡಿದು ಕನ್ನಡಿ ಮುಂದೆ ನಿಂತು ಮೂರು ಅಳತೆ ತೆಗೆದುಕೊಳ್ಳಿ: ಕಿವಿಯ ಉದ್ದ, ಅಗಲ, ತಲೆಯಿಂದ ಅದು ಎಷ್ಟು ಹೊರಚಾಚಿದೆ ಎಂಬುದು. ಉದ್ದ ಅನೇಕರಲ್ಲಿ 6ರಿಂದ 7 ಸೆಂ.ಮೀ. ಇರುತ್ತದೆ. ಕಂಪನಿಗಳು ಪ್ಯಾಡಿನ ಹೊರಸುತ್ತನ್ನು ಹೇಳಿ ಕೈತೊಳೆದುಕೊಳ್ಳುತ್ತವೆ. ನಿಮಗೆ ಬೇಕಾದ್ದು ಒಳಗಿನ ತೂತಿನ ಅಳತೆ. ಅದು ಕಿವಿಗಿಂತ ಎಲ್ಲ ಕಡೆ ಒಂದೆರಡು ಮಿ.ಮೀ. ದೊಡ್ಡದಿರಬೇಕು. ಹೆಚ್ಚು ಜನ ಮರೆಯುವುದು ಆಳವನ್ನು. ಪ್ಯಾಡ್ ಮೆತ್ತಗೆ ತಗ್ಗಿದ ಮೇಲೆ ಕಿವಿಯ ಅಂಚು ಡ್ರೈವರಿನ (ಪೊರೆಯಿರುವ, ಸದ್ದು ಹುಟ್ಟಿಸುವ ಭಾಗದ) ಮುಂದಿನ ಬಟ್ಟೆಗೆ ತಾಕತೊಡಗಿದರೆ, ಅಂಗಡಿಯಲ್ಲಿ ಐದು ನಿಮಿಷ ಏನೂ ಅನಿಸದ ಆ ಸ್ಪರ್ಶ ಮುಕ್ಕಾಲು ಗಂಟೆಯ ಹೊತ್ತಿಗೆ ಉರಿಯಾಗುತ್ತದೆ. ಹಾಗಾಗಿ ಹಾಕಿ ನೋಡುವುದಾದರೆ 45 ನಿಮಿಷ ಹಾಕಿಕೊಂಡೇ ಇರಿ. ಅಷ್ಟು ಹೊತ್ತು ಸಾಧ್ಯವಿಲ್ಲದಿದ್ದರೆ ಹಿಂದಿರುಗಿಸಲು ಅವಕಾಶವಿರುವ ಕಡೆಯೇ ಕೊಳ್ಳಿ.

ತೂಕ 300 ಗ್ರಾಮಿನ ಒಳಗಿದ್ದರೆ ಹೆಚ್ಚಿನವರಿಗೆ ಕುತ್ತಿಗೆ ನೆನಪಾಗುವುದಿಲ್ಲ. 350 ದಾಟಿದರೆ ಆ ಭಾರ ನೆತ್ತಿಯ ಮೇಲೆ ಹೇಗೆ ಹಂಚಿಕೆಯಾಗುತ್ತದೆ ಎಂಬುದೇ ಮುಖ್ಯ. ಕಮಾನಿನ ಕೆಳಗೆ ತೂಗುವ ಅಗಲ ಪಟ್ಟಿ ಇದ್ದರೆ ಭಾರ ಹರಡಿಕೊಳ್ಳುತ್ತದೆ. ತೆಳು ಸ್ಪಂಜಿನ ಗಟ್ಟಿ ಕಮಾನಾದರೆ ನಡುನೆತ್ತಿಯ ಒಂದೇ ಬಿಂದುವಿನಲ್ಲಿ ಕೂರುತ್ತದೆ. ಕೂದಲು ತೆಳ್ಳಗಿದ್ದವರಿಗೆ ಇದು ಬೇಗ ಗೊತ್ತಾಗುತ್ತದೆ, ಪಟ್ಟಿಯಡಿ ಉಬ್ಬುಗಳಿದ್ದರಂತೂ ಇನ್ನೂ ಬೇಗ.

ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ಪರೀಕ್ಷಿಸಬೇಕು. ಪ್ಯಾಡ್ ಕಡ್ಡಿಯನ್ನು ಕಿವಿಯ ಮೇಲಿನ ಎಲುಬಿಗೆ ಒತ್ತುತ್ತದೆ, ಜತೆಗೆ ಕಡ್ಡಿಯ ಅಕ್ಕಪಕ್ಕ ಸಂದು ಬಿಟ್ಟು ಬೇಸ್ ಸೋರಿಹೋಗುತ್ತದೆ. ಹಾಡು ಹಾಕಿ ಕನ್ನಡಕ ತೆಗೆದು, ಮತ್ತೆ ಹಾಕಿ ನೋಡಿ. ವ್ಯತ್ಯಾಸ ದೊಡ್ಡದಾಗಿದ್ದರೆ ಆ ಪ್ಯಾಡ್ ನಿಮಗಲ್ಲ. ಮೆತ್ತನೆಯ ವೆಲೂರ್ (ಮಖಮಲ್ಲಿನಂಥ ಬಟ್ಟೆ) ಪ್ಯಾಡ್ ಕಡ್ಡಿಯ ಸುತ್ತ ತಾನೇ ತಗ್ಗಿ ಕೂರುತ್ತದೆ, ಗಟ್ಟಿ ರೆಕ್ಸಿನ್ ಕೂರುವುದಿಲ್ಲ.

ಪ್ಯಾಡಿನ ಬಟ್ಟೆಯ ಬಗ್ಗೆ ಇನ್ನೊಂದು ಮಾತು. ರೆಕ್ಸಿನ್ ಬಗೆಯ ಪ್ಯಾಡ್ ಬೆವರು ಮತ್ತು ತೇವಕ್ಕೆ ವರ್ಷಗಳಲ್ಲಿ ಕಪ್ಪು ಹಕ್ಕಳೆಯಾಗಿ ಉದುರುತ್ತದೆ, ಕುತ್ತಿಗೆಗೆಲ್ಲ ಅಂಟುತ್ತದೆ. ವೆಲೂರ್ ಉದುರುವುದಿಲ್ಲ, ಆದರೆ ಎಣ್ಣೆ, ಕೂದಲು, ಧೂಳು ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕಪ್ಪಿನಿಂದ ಬಿಡಿಸಿ ಉಗುರುಬೆಚ್ಚಗಿನ ನೀರು, ಎರಡು ಹನಿ ಮೆದು ಸೋಪಿನಲ್ಲಿ ಅದ್ದಿ, ಹಿಂಡದೆ ಟವಲಿನಲ್ಲಿ ಒತ್ತಿ, ಇಡೀ ದಿನ ನೆರಳಲ್ಲಿ ಒಣಗಿಸಿ. ಒಳಗಿನ ಸ್ಪಂಜು ಪೂರ್ತಿ ಒಣಗುವ ಮೊದಲು ಹಾಕಿದರೆ ಮುಗ್ಗಲು ವಾಸನೆ ಹಿಡಿದು ಮತ್ತೆ ಹೋಗದು.

ಬಿಗಿಯನ್ನು ಮಾತ್ರ ಕೊಂಡ ಮೇಲೂ ಸಡಿಲಿಸಬಹುದು. ಪ್ಯಾಡ್ ಬಿಚ್ಚಿಟ್ಟು, ನಿಮ್ಮ ತಲೆಗಿಂತ ಒಂದು ಸೆಂ.ಮೀ. ಮಾತ್ರ ಅಗಲವಾದ ಪುಸ್ತಕದ ಕಟ್ಟಿಗೆ ಹೆಡ್‌ಫೋನನ್ನು ರಾತ್ರಿಯಿಡೀ ತೊಡಿಸಿಡಿ. ಕಪ್ಪಿನ ಹೊರ ಅಂಚು ಮಾತ್ರ ಪುಸ್ತಕಕ್ಕೆ ಆತುಕೊಳ್ಳಬೇಕು, ನಡುವಿನ ಡ್ರೈವರಿಗೆ ಏನೂ ತಾಕಬಾರದು. ಬೆಳಗ್ಗೆ ಹಾಕಿ ನೋಡಿ, ಬೇಕೆನಿಸಿದರೆ ಇನ್ನೊಂದು ರಾತ್ರಿ. ಒಂದೇ ಸಲಕ್ಕೆ ನಾಲ್ಕೈದು ಸೆಂ.ಮೀ. ಅಗಲಿಸಿದರೆ ಪ್ಲಾಸ್ಟಿಕ್ ಕಮಾನಿನಲ್ಲಿ ಬಿರುಕು ಬರಬಹುದು. ಬರದಿದ್ದರೂ ಪ್ಯಾಡ್ ಚರ್ಮಕ್ಕೆ ಕೂರದೆ ಬೇಸ್ ಹೋಗುತ್ತದೆ, ಪುಸ್ತಕ ಓದಲು ತಲೆ ಬಗ್ಗಿಸಿದಾಗಲೆಲ್ಲ ಹೆಡ್‌ಫೋನ್ ಮುಂದಕ್ಕೆ ಜಾರುತ್ತದೆ.

ಫೋನಿಗೆ ಸಾಕೇ, ಆಂಪ್ಲಿಫೈಯರ್ ಬೇಕೇ?

ಓಮ್ (ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಹೆಚ್ಚಿದ್ದರೆ ಆಂಪ್ ಬೇಕು, ಕಡಿಮೆಯಿದ್ದರೆ ಬೇಡ ಎಂಬುದು ಅರ್ಧ ಸತ್ಯ. ಓಮ್ ಮತ್ತು ಸೆನ್ಸಿಟಿವಿಟಿ (ಕೊಟ್ಟ ವಿದ್ಯುತ್ತಿಗೆ ಎಷ್ಟು ಜೋರು ಸದ್ದು ಎಂಬುದು) ಎರಡನ್ನೂ ಕೂಡಿಸಿ ನೋಡಬೇಕು. ಲೆಕ್ಕ ಸುಲಭ: 10 ಡೆಸಿಬೆಲ್ ಏರಿಸಲು ಹತ್ತು ಪಟ್ಟು ವಿದ್ಯುತ್, 3 ಡೆಸಿಬೆಲ್‌ಗೆ ಎರಡು ಪಟ್ಟು. ಸಂಗೀತದ ಕ್ಷಣಿಕ ಏರುಗಳಿಗೆ 105 ಡೆಸಿಬೆಲ್ ಸಾಮರ್ಥ್ಯ ಇಟ್ಟುಕೊಂಡರೆ ಮನೆಯಲ್ಲಿ ಧಾರಾಳವಾಯಿತು.

ಒಂದು ಮಿಲಿವ್ಯಾಟ್‌ಗೆ 91 ಡೆಸಿಬೆಲ್ ಕೊಡುವ 32 ಓಮ್‌ನ ಹೆಡ್‌ಫೋನ್ ತೆಗೆದುಕೊಳ್ಳಿ. ಇನ್ನೂ 14 ಡೆಸಿಬೆಲ್ ಬೇಕು, ಅಂದರೆ ಸುಮಾರು 25 ಮಿಲಿವ್ಯಾಟ್. ವೋಲ್ಟೇಜ್ 0.9, ಕರೆಂಟ್ 28 ಮಿಲಿಆಂಪಿಯರ್. ಇನ್ನು 96 ಡೆಸಿಬೆಲ್, 250 ಓಮ್‌ನದು. ಅದಕ್ಕೆ 9 ಡೆಸಿಬೆಲ್ ಸಾಕು, 8 ಮಿಲಿವ್ಯಾಟ್. ಕರೆಂಟ್ 6 ಮಿಲಿಆಂಪಿಯರ್ ಕೂಡ ಇಲ್ಲ, ಆದರೆ ವೋಲ್ಟೇಜ್ 1.4 ಬೇಕು. ಫೋನಿನ ಚಾರ್ಜಿಂಗ್ ಕಿಂಡಿಗೂ ಹೆಡ್‌ಫೋನಿಗೂ ನಡುವೆ ಹಾಕುವ, ಸುಮಾರು 1 ವೋಲ್ಟ್ ಕೊಡುವ ಫೋನ್ ಡಾಂಗಲ್‌ನಲ್ಲಿ ಎರಡನೆಯದು 102 ಡೆಸಿಬೆಲ್‌ಗೆ ನಿಲ್ಲುತ್ತದೆ. ಹಾಯಾಗಿ ಕೇಳುವವರಿಗೆ ಅದೂ ಹೆಚ್ಚೇ. ಮೊದಲನೆಯದು ಓಮ್ ಕಡಿಮೆ ಇದ್ದೂ ದುರ್ಬಲ ಡಾಂಗಲ್‌ನಿಂದ ಐದು ಪಟ್ಟು ಕರೆಂಟ್ ಕೇಳುತ್ತದೆ. ಪೆಟ್ಟಿಗೆಯ ಮೇಲೆ ಸೆನ್ಸಿಟಿವಿಟಿಯನ್ನು ಮಿಲಿವ್ಯಾಟ್‌ಗೆ ಹೇಳಿದ್ದಾರೋ ವೋಲ್ಟ್‌ಗೆ ಹೇಳಿದ್ದಾರೋ ನೋಡಿಕೊಳ್ಳಿ. ಎರಡನ್ನೂ ಬೆರೆಸಿ ಹೋಲಿಸಿದರೆ ಲೆಕ್ಕ ತಲೆಕೆಳಗು.

ಹಳೆಯ ರಿಸೀವರ್‌ನ ಹೆಡ್‌ಫೋನ್ ಸಾಕೆಟ್ಟಿಗೆ ಸಿಕ್ಕಿಸುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ಔಟ್‌ಪುಟ್ ಇಂಪೀಡೆನ್ಸ್ (ಸಾಕೆಟ್ಟಿನ ಒಳಗಿನ ತಡೆ) ನೂರು ಓಮ್ ಮೀರಿರುವುದುಂಟು. ಅದು ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕೆಂಬುದು ರೂಢಿಯ ನಿಯಮ. ಮೀರಿದರೆ 50 ಓಮ್‌ನ ಸಾಮಾನ್ಯ ಹೆಡ್‌ಫೋನುಗಳಲ್ಲಿ ಬೇಸ್ ಊದಿಕೊಂಡು ಗುಮ್ಮೆನ್ನತೊಡಗುತ್ತದೆ. ಹೆಡ್‌ಫೋನ್ ಕೆಟ್ಟಿದೆ ಎಂದು ವಾಪಸ್ ಕಳಿಸುವ ಮೊದಲು ಬೇರೆ ಸಾಕೆಟ್ಟಿನಲ್ಲಿ ಕೇಳಿ ನೋಡಿ.

ಕಡಿಮೆ ಹಣದಲ್ಲಿ ನೋಡಬಹುದಾದವು

ತೀರಾ ಕಡಿಮೆಗೆ ಕಾಸ್ ಕಂಪನಿಯ ಕೆಎಸ್‌ಸಿ75 ಮತ್ತು 1984ರಿಂದ ಬರುತ್ತಿರುವ ಪೋರ್ಟಾ ಪ್ರೊ. ಎರಡೂ 60 ಓಮ್, ಫೋನಿಗೇ ಸಾಕು. ಕೆಎಸ್‌ಸಿ75ಗೆ ಕಮಾನೇ ಇಲ್ಲ, ಕಿವಿಗೆ ಕೊಕ್ಕೆಯಂತೆ ಸಿಕ್ಕಿಸುವುದು, ಹಾಗಾಗಿ ನೆತ್ತಿಯ ತಕರಾರಿಲ್ಲ. ಆದರೆ ಎರಡೂ ಕಿವಿಯ ಮೇಲೇ ಕೂರುತ್ತವೆ. ಕಿವಿಯ ಸುತ್ತ ಕೂರುವುದು ಬೇಕಿದ್ದರೆ ಫಿಲಿಪ್ಸ್ ಎಸ್‌ಎಚ್‌ಪಿ9500: 32 ಓಮ್, ಬಿಗಿ ಕಡಿಮೆ, ವೈರ್ ಮಾಮೂಲಿ 3.5 ಮಿ.ಮೀ. ಪಿನ್ನಿನದು, ಹೋದರೆ ಎಲ್ಲೆಂದರಲ್ಲಿ ಸಿಗುತ್ತದೆ. ಕೊರತೆ ಏನೆಂದರೆ ಪ್ಯಾಡ್ ಸುಲಭವಾಗಿ ಬದಲಿಸುವಂತೆ ಮಾಡಿಲ್ಲ.

ಸೆನ್‌ಹೈಸರ್ ಎಚ್‌ಡಿ 599 ಮತ್ತು ಎಚ್‌ಡಿ 560ಎಸ್ ಎರಡೂ 250 ಗ್ರಾಮಿನ ಆಸುಪಾಸು, ಪ್ಯಾಡ್ ಬದಲಿಸಬಹುದು. ಮೊದಲನೆಯದು 50 ಓಮ್, ದನಿ ಬೆಚ್ಚಗೆ. ಎರಡನೆಯದು 120 ಓಮ್, ಹೆಚ್ಚು ಸ್ಪಷ್ಟ, ಕೆಲವರ ಕಿವಿಗೆ ತುಸು ಚುರುಕು. ಹಾಯಾಗಿ ಕೇಳುವುದೇ ಗುರಿಯಾದರೆ ನಮ್ಮ ಒಲವು 599ರ ಕಡೆಗೆ. ಎಕೆಜಿ ಕೆ702 ಹಗುರ, ಕಪ್ಪು ವಿಶಾಲ, ದೊಡ್ಡ ಕಿವಿಗೆ ವರದಾನ. ಬೇಸ್ ತೆಳು, 62 ಓಮ್ ಇದ್ದರೂ ವಿದ್ಯುತ್ ಹೆಚ್ಚು ಬೇಡುತ್ತದೆ. ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ ಹಾಕಿಕೊಳ್ಳಲು ಮೆತ್ತಗಿನ ದಿಂಬು, ಬಿಡಿಭಾಗಗಳೂ ಸಿಗುತ್ತವೆ, ಆದರೆ ‘ಸ’ಕಾರಗಳು ಸೂಜಿಯಂತೆ ಚುಚ್ಚುತ್ತವೆ. ಈಕ್ವಲೈಸರ್ ಮುಟ್ಟದವರಿಗೆ ಹೇಳುವಂಥದ್ದಲ್ಲ. ಹೈಫೈಮ್ಯಾನ್ ಎಚ್‌ಇ400ಎಸ್‌ಇ ಪ್ಲೇನಾರ್ (ಅಗಲವಾದ ಚಪ್ಪಟೆ ಪೊರೆಯ) ಬಗೆಯದು, ಮೇಲಿನ ಲೆಕ್ಕದ 91 ಡೆಸಿಬೆಲ್‌ನದು ಇದೇ. ಬೆಲೆಗೆ ದನಿ ಸೊಗಸು, ಆದರೆ ತೂಕ 390 ಗ್ರಾಮಿನ ಹತ್ತಿರ.

ಬಜೆಟ್ ಹಾಕುವಾಗ ಒಂದು ಜೊತೆ ಪ್ಯಾಡಿನ ಬೆಲೆಯನ್ನೂ ಸೇರಿಸಿ. ದಿನಾ ಎರಡು ಗಂಟೆ ಹಾಕಿದರೆ ಮೊದಲು ಸೋಲುವುದು ಅದೇ. ಬೇರೆ ಬಗೆಯ ಪ್ಯಾಡ್ ಹಾಕಿದರೆ ಡ್ರೈವರಿಗೂ ಕಿವಿಗೂ ನಡುವಿನ ದೂರ ಬದಲಾಗಿ ದನಿಯೂ ಬದಲಾಗುತ್ತದೆ. ಇಷ್ಟಪಟ್ಟ ದನಿ ಉಳಿಯಬೇಕಿದ್ದರೆ ಮೂಲದ ಪ್ಯಾಡೇ ಕೊಳ್ಳಿ.

ಬೇಸ್ ಸಾಲದೇ?

ಹಿಂಬದಿ ತೆರೆದಿರುವುದರಿಂದ ಹಿಂದಿನ ಅಲೆ ಸುತ್ತಿ ಬಂದು ಮುಂದಿನದನ್ನು ಅಳಿಸುತ್ತದೆ, 100 ಹರ್ಟ್ಸ್ ಕೆಳಗೆ ಇಳಿದಂತೆ ಬೇಸ್ ಸೊರಗುತ್ತದೆ. ವಿಂಡೋಸ್‌ನಲ್ಲಿ ಈಕ್ವಲೈಸರ್ ಎಪಿಒ ಉಚಿತ. ಅದರಲ್ಲಿ ಹೀಗೆ ಹೊಂದಿಸಿ: ಲೋ ಶೆಲ್ಫ್ ಫಿಲ್ಟರ್ (ಒಂದು ಮಟ್ಟದ ಕೆಳಗಿನ ಬೇಸನ್ನೆಲ್ಲ ಏರಿಸುವುದು), 105 ಹರ್ಟ್ಸ್, ಕ್ಯೂ (ಏರಿಕೆ ಎಷ್ಟು ಕಡಿದು ಎಂಬುದು) 0.7, 4 ಡೆಸಿಬೆಲ್ ಏರಿಕೆ. ಪ್ರಿಆಂಪನ್ನು (ಅಲ್ಲೇ ಇರುವ ಒಟ್ಟು ದನಿಯ ಮಟ್ಟವನ್ನು) ಅಷ್ಟೇ, ಅಂದರೆ 4 ಡೆಸಿಬೆಲ್, ಕಡ್ಡಾಯವಾಗಿ ಇಳಿಸಿ. ಇಳಿಸದಿದ್ದರೆ ಜೋರಾದ ತಬಲಾ ಪೆಟ್ಟಿಗೆ ದನಿ ಒಡೆಯುತ್ತದೆ, ಜನ ಅದಕ್ಕೆ ಹೆಡ್‌ಫೋನನ್ನು ಬಯ್ಯುತ್ತಾರೆ. ಟ್ರೆಬಲ್ ಚುಚ್ಚಿದರೆ 5ರಿಂದ 10 ಕಿಲೋಹರ್ಟ್ಸ್‌ವರೆಗೆ ಒಂದೇ ಸ್ವರವನ್ನು ಸಣ್ಣ ದನಿಯಲ್ಲಿ ನಿಧಾನ ಏರಿಸಿ, ಥಟ್ಟನೆ ಜೋರಾಗುವ ಜಾಗದಲ್ಲಿ 3 ಡೆಸಿಬೆಲ್ ತಗ್ಗಿಸಿ.

ಬಂದ ದಿನವೇ ಮಾಡುವ ತಪಾಸಣೆ

ಹಾಡುಗಾರರ ದನಿ ನಟ್ಟನಡುವೆ ನಿಲ್ಲುತ್ತದೆಯೇ ಕೇಳಿ. ಒಂದು ಕಡೆ ವಾಲಿದರೆ ಹೆಡ್‌ಫೋನನ್ನು ತಿರುಗಿಸಿ ಹಾಕಿ. ವಾಲಿದ ಕಡೆಯೂ ತಿರುಗಿದರೆ ತಪ್ಪು ಹೆಡ್‌ಫೋನಿನದೋ ಸಾಕೆಟ್ಟಿನದೋ. ತಿರುಗದಿದ್ದರೆ ನಿಮ್ಮ ಕಿವಿಯದು. ಪಿನ್ನಿನ ಬುಡದಲ್ಲಿ ವೈರ್ ಅಲುಗಿಸಿ ಕರಕರ ಬರುತ್ತದೆಯೇ ನೋಡಿ. 6.3 ಮಿ.ಮೀ.ನ ದಪ್ಪ ಪಿನ್ ಬಂದಿದ್ದರೆ ಗಟ್ಟಿ ಅಡಾಪ್ಟರ್ ತುರುಕಬೇಡಿ, ಅದು ಸನ್ನೆಕೋಲಿನಂತೆ ಮೀಟಿ ಫೋನಿನ ಜ್ಯಾಕ್ ಮುರಿಯುತ್ತದೆ. ಗಿಡ್ಡ ವೈರ್ ಇರುವ ಅಡಾಪ್ಟರ್ ತರಿಸಿ.

ಆಮೇಲೆ 20ರಿಂದ 200 ಹರ್ಟ್ಸ್‌ವರೆಗಿನ ಸ್ವೀಪ್ (ಕೆಳಗಿನಿಂದ ಮೇಲಕ್ಕೆ ನಿಧಾನ ಏರುವ ಒಂದೇ ಸ್ವರ) ಹಾಕಿ. ಎಲ್ಲೋ ಒಂದು ಕಡೆ ನೊಣ ಗುಂಯ್‌ಗುಟ್ಟಿದಂತೆ ಕೇಳಿಸಿದರೆ ಡ್ರೈವರ್ ಹರಿದಿದೆ ಎಂದು ಗಾಬರಿಯಾಗಬೇಡಿ. ಮುಕ್ಕಾಲು ಪಾಲು ಅದು ಒಂದು ತಲೆಗೂದಲು. ಜಾಲರಿಯಿಂದಲೋ ಪ್ಯಾಡಿನ ಕಡೆಯಿಂದಲೋ ನುಸುಳಿ ಪೊರೆಗೆ ತಾಕಿ ಕಂಪಿಸುತ್ತಿರುತ್ತದೆ. ವೈರ್ ಬಿಚ್ಚಿ, ಪ್ಯಾಡ್ ತೆಗೆದು, ಸ್ಪಂಜಿನ ಬಿಲ್ಲೆಯನ್ನು ಎತ್ತಿ, ಒಳ್ಳೆ ಬೆಳಕಿನಲ್ಲಿ ಓರೆಯಾಗಿ ನೋಡಿ. ಕೂದಲಿನ ತುದಿ ಕಂಡರೆ ಪ್ಲಾಸ್ಟಿಕ್ ಚಿಮ್ಮಟದಿಂದ ಮೆಲ್ಲಗೆ ಎಳೆಯಿರಿ. ಲೋಹದ್ದು ಬೇಡ, ಅಯಸ್ಕಾಂತ ಅದನ್ನು ಸೆಳೆದು ಪೊರೆಗೆ ಚುಚ್ಚಿಸುತ್ತದೆ. ಬಾಯಿಂದ ಊದುವುದು, ವ್ಯಾಕ್ಯೂಮ್ ಹಿಡಿಯುವುದು ಎರಡೂ ಬೇಡ. ಕೂದಲು ಕಾಣದೆ ಸದ್ದು ಹಾಗೇ ಉಳಿದರೆ ಮುಂದಕ್ಕೆ ಬಿಚ್ಚಬೇಡಿ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಪೆಟ್ಟಿಗೆಗೆ ಹಾಕಿ ವಾಪಸ್ ಕಳಿಸಿ.